ಹದಿನೆಂಟು ಕೈಯವಳು

ಬಹಳ ಹಿಂದೇನೂ ಅಲ್ಲ, ಏಳು ಸಮುದ್ರದಾಚೆಗೂ ಅಲ್ಲ, ಒಂದು ಊರಿನಲ್ಲಿ ಹದಿನೆಂಟು ಕೈಯ ಒಬ್ಬ ಹೆಂಗಸಿದ್ದಳು. ಹಾಗೆಂದು ಹೇಳುತ್ತಿದ್ದವರು ಆ ಊರಿನ ದೊಡ್ಡಾಸ್ಪತ್ರೆಯಲ್ಲಿ ಮೇಲಿನ ಮಹಡಿಯಲ್ಲಿ ಕೂತು ಲೆಕ್ಕ ಹಾಕುವವರು. ಅವರ ಲೆಕ್ಕ ಸರಳವಾಗಿತ್ತು: ಅವಳವು ಎರಡು ಕೈ, ಅವಳ ಹಿಂದೆ ಬಾತುಮರಿಗಳ ಹಾಗೆ ಸಾಲಾಗಿ ನಡೆಯುವ ಎಂಟು ಜನ ನರ್ಸಿಂಗ್ ವಿದ್ಯಾರ್ಥಿನಿಯರವು ಹದಿನಾರು. ಇಷ್ಟೊಂದು ಕೈಯಿರುವಾಗ ಮೂಳೆ ವಾರ್ಡಿಗೆ ಇನ್ನೊಬ್ಬ ನರ್ಸ್ ಯಾಕೆ ಎಂದು ಕೇಳಿ, ಇದ್ದ ಇನ್ನೊಬ್ಬಳನ್ನು ಬೇರೆ ಕಟ್ಟಡಕ್ಕೆ ಎತ್ತಿ ಹಾಕಿದರು. ಕಥೆಯೊಳಗಿನ ರಾಜನಾಗಿದ್ದರೆ ಇಂಥ ಲೆಕ್ಕ ಹಾಕಿದ ಮಂತ್ರಿಯ ತಲೆ ಹೋಗುತ್ತಿತ್ತು. ಇಲ್ಲಿ ಮಂತ್ರಿಗೆ ಬಡ್ತಿ ಸಿಕ್ಕಿತು. ಇನ್ನೂ ಕೆಲಸ ಕಲಿಯಬೇಕಾದ ಕೈಗಳನ್ನು ಕೈ ಎಂದು ಎಣಿಸುವುದು ಬಿತ್ತಿದ ಮರುದಿನವೇ ರಾಶಿ ಅಳೆದ ಹಾಗೆ ಎಂದು ಅವಳು ಹೇಳಬೇಕೆಂದಿದ್ದಳು. ಹೇಳಲು ಹೋದ ದಿನ, "ನಿನ್ನಷ್ಟು ಚೆನ್ನಾಗಿ ಕಲಿಸೋರು ಇಡೀ ಆಸ್ಪತ್ರೆಯಲ್ಲಿ ಯಾರಿದ್ದಾರೆ ಹೇಳು" ಎಂದು ಮೇಟ್ರನ್ ಮೂಗಿಗೆ ತುಪ್ಪ ಸವರಿ ಕಳಿಸಿದ್ದರು. ಅವಳು ನಾಚಿಕೊಂಡು ಮೆಟ್ಟಿಲಿಳಿದು ಬಂದಿದ್ದಳು. ಆ ನಾಚಿಕೆಯನ್ನು ನೆನೆದರೆ ಈಗ ಮೈ ಉರಿಯುತ್ತಿತ್ತು.

ಇವತ್ತು ಬೆಳಿಗ್ಗೆ ಅವಳು ವಾರ್ಡಿನ ಬಾಗಿಲ ಪಕ್ಕದ ಬೇಸಿನ್ನಿನಲ್ಲಿ ಕೈ ತೊಳೆಯುತ್ತ ನಿಂತಿದ್ದಳು. ತೊಳೆದು ಮುಗಿದಿತ್ತು. ಆದರೂ ನಲ್ಲಿ ನಿಲ್ಲಿಸದೆ, ಬಿರುಕು ಬಿಟ್ಟ ಬೆರಳ ಗೆಣ್ಣುಗಳ ಮೇಲೆ ನೀರು ಹರಿಯುವುದನ್ನು ಬೇರೆ ಯಾರದೋ ಕೈ ನೋಡುವಂತೆ ನೋಡುತ್ತಿದ್ದಳು. ಬೆನ್ನ ಹಿಂದೆ ಎಂಟೂ ಜನ ಕಾಯುತ್ತಿದ್ದರು. ಅವರಲ್ಲಿ ಎಲ್ಲರಿಗಿಂತ ಕುಳ್ಳಗಿರುವ, ಎಲ್ಲರೂ ಗುಬ್ಬಿ ಎಂದು ಕರೆಯುವ ಹುಡುಗಿ ಪಕ್ಕದವಳ ಕಿವಿಯಲ್ಲಿ "ಇಷ್ಟು ಹೊತ್ತು ತೊಳೀಬೇಕೇನೇ" ಎಂದು ಕೇಳಿದ್ದು, ಪಕ್ಕದವಳು "ಸಿಸ್ಟರ್ ತೊಳೀತಿದಾರಲ್ಲ, ಬರ್ಕೋ" ಎಂದದ್ದು ಎರಡೂ ಕೇಳಿಸಿದವು. ಅವಳು ಏನು ಮಾಡಿದರೂ ಅದು ಪಾಠವಾಗುತ್ತಿತ್ತು. ಸುಸ್ತಾಗಿ ಗೋಡೆಗೆ ಒರಗಿದರೆ, ಒರಗುವಾಗ ಬೆನ್ನು ಹೇಗಿರಬೇಕೆಂದು ಯಾರೋ ನೋಡಿಕೊಳ್ಳುತ್ತಿದ್ದರು. ನೀರು ತಣ್ಣಗಿತ್ತು. ನಿನ್ನೆ ಸಂಜೆಯ ನೀರು ಕುದಿಯುತ್ತಿತ್ತು. ಮಗಳು ಅಡುಗೆಮನೆಯಲ್ಲಿ ದೊಡ್ಡ ಪಾತ್ರೆಯನ್ನು ಎರಡೂ ಕೈಯಲ್ಲಿ ಬಟ್ಟೆ ಸುತ್ತಿ ಹಿಡಿದು ಫ್ಲಾಸ್ಕಿಗೆ ಬಗ್ಗಿಸುತ್ತಿದ್ದಳು. ಪಾತ್ರೆ ಒಂದು ಕಡೆಗೆ ವಾಲುತ್ತಿರುವುದು, ಬಟ್ಟೆ ಜಾರುತ್ತಿರುವುದು, ಕಾಲು ಪಾತ್ರೆಯ ನೇರಕ್ಕೇ ಇರುವುದು ಮೂರೂ ಅವಳಿಗೆ ಬಾಗಿಲಲ್ಲಿ ನಿಂತೇ ಕಂಡಿದ್ದವು. ಕಂಡರೂ ಅವಳು ನಿಂತೇ ಇದ್ದಳು. ನೀರು ಮಗಳ ಪಾದದ ಮೇಲೆ ಚೆಲ್ಲಿತು. ಗಂಡ ಓಡಿಬಂದು ಮಗುವನ್ನು ಎತ್ತಿಕೊಂಡು ಹೋಗಿ ನಲ್ಲಿಯ ಕೆಳಗೆ ಕಾಲು ಹಿಡಿದ. ದೊಡ್ಡದೇನಾಗಿರಲಿಲ್ಲ, ಒಂಚೂರು ಕೆಂಪಾಗಿತ್ತು. ಮಗಳು ಅಳಲಿಲ್ಲ. ಅಪ್ಪನ ಹೆಗಲ ಮೇಲಿಂದ ಅಮ್ಮನನ್ನು ನೋಡಿ, ಬೆನ್ನ ಹಿಂದೆ ಕಟ್ಟಿಕೊಂಡಿದ್ದ ಅವಳ ಕೈಗಳನ್ನು ನೋಡಿ, "ಎಷ್ಟು ಮಾರ್ಕು ಅಮ್ಮಾ" ಎಂದು ಕೇಳಿದಳು.

ಪರೀಕ್ಷೆ ನೋಡುವವರು ಹಾಗೆಯೇ ನಿಲ್ಲಬೇಕು. ಎರಡೂ ಕೈ ಬೆನ್ನ ಹಿಂದೆ. ಬಾಯಿ ಬಿಡಬಾರದು, ಹುಬ್ಬು ಎತ್ತಬಾರದು. ಎತ್ತಿದರೆ ಹುಡುಗಿಯರು ನಿಮ್ಮ ಮುಖ ಓದಿಯೇ ಪಾಸಾಗುತ್ತಾರೆ. ರೋಗಿಯ ಪ್ರಾಣಕ್ಕೆ ಅಪಾಯವಾಗುವಂತಿದ್ದರೆ ಮಾತ್ರ ಕೈ ಮುಂದೆ ತರಬಹುದು. ಅವಳಿಗೆ ಕಲಿಸಿದ ಹಳೆಯ ಸಿಸ್ಟರ್ ಈ ನಿಯಮವನ್ನು ಹೇಳಿಕೊಡುವಾಗ ಅವಳ ಕೈಗಳನ್ನು ಬ್ಯಾಂಡೇಜ್ ಪಟ್ಟಿಯಿಂದ ಹಿಂದಕ್ಕೆ ಕಟ್ಟಿಯೇ ಬಿಟ್ಟಿದ್ದರು, ಎಲ್ಲರೂ ನಕ್ಕಿದ್ದರು. ಆಗ ಇಬ್ಬರು ವಿದ್ಯಾರ್ಥಿಗಳಿಗೆ ಒಬ್ಬ ಸಿಸ್ಟರ್ ಇರುತ್ತಿದ್ದರು. ನಗುವುದಕ್ಕೂ ಪುರುಸೊತ್ತಿತ್ತು.

ಕಿಟಕಿ ಪಕ್ಕದ ಹಾಸಿಗೆಯಲ್ಲಿ ಟಿಕೆಟಮ್ಮ ಎದ್ದಿದ್ದಳು. ಸಿನಿಮಾ ಮಂದಿರದ ಕೌಂಟರಿನಲ್ಲಿ ಅರ್ಧ ಆಯುಷ್ಯ ಟಿಕೆಟ್ ಹರಿದುಕೊಟ್ಟವಳು, ಮಂದಿರದ ಮೆಟ್ಟಿಲಲ್ಲೇ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡು ಬಂದಿದ್ದಳು. ಕಾಲಿಗೆ ಹಗ್ಗ ಕಟ್ಟಿ, ಹಗ್ಗದ ತುದಿಗೆ ಭಾರ ತೂಗಿಬಿಟ್ಟಿದ್ದರಿಂದ ಅವಳು ಮಗ್ಗುಲು ಬದಲಿಸುವಂತಿರಲಿಲ್ಲ. ರಕ್ತದ ಸಕ್ಕರೆ ಹತೋಟಿಗೆ ಬರದೆ ಆಪರೇಷನ್ನು ಮುಂದೆ ಮುಂದೆ ಹೋಗಿ, ಮಲಗಿದಲ್ಲೇ ಮಲಗಿದ ತಲೆಯ ಹಿಂದೆ ಮೊಣಕಾಲಿನವರೆಗೆ ಬರುವ ಅವಳ ಕೂದಲು ಸಿಕ್ಕುಗಟ್ಟಿ, ಸಿಕ್ಕು ಗಂಟಾಗಿ, ಗಂಟು ಕಂಬಳಿಯ ತುಂಡಿನ ಹಾಗೆ ಗಟ್ಟಿಯಾಗಿತ್ತು. ಬಂದ ದಿನ ಆ ಜಡೆ ಮಂಚದಿಂದ ನೆಲಕ್ಕೆ ಇಳಿಬಿದ್ದಿತ್ತು. ಹುಡುಗಿಯರು ಬಾಯಿ ಬಿಟ್ಟು ನೋಡಿದ್ದರು. "ಕೌಂಟರಿನ ಕಿಂಡಿಯಲ್ಲಿ ಜನಕ್ಕೆ ನನ್ನ ಮುಖ ಕಾಣ್ತಿರ್ಲಿಲ್ಲ ಮಕ್ಕಳೇ," ಎಂದಿದ್ದಳು ಟಿಕೆಟಮ್ಮ, "ಹೆಗಲ ಮೇಲಿನ ಜಡೆ ಒಂದೇ ಕಾಣ್ತಿತ್ತು. ಅದನ್ನ ನೋಡೋಕೇ ಎರಡೆರಡು ಸಲ ಟಿಕೆಟ್ ತಗೊಂಡೋರಿದ್ದಾರೆ." ಆಮೇಲೆ ದನಿ ತಗ್ಗಿಸಿ, ಇದಕ್ಕೊಂದು ಕತ್ತರಿ ಬೀಳದ ಹಾಗೆ ನೋಡಿಕೊಳ್ಳಿ ಎಂದು ಕೇಳಿದ್ದಳು.

ಆಗ ಹದಿನೆಂಟು ಕೈಯವಳು ಮಾತು ಕೊಟ್ಟಿದ್ದಳು. ರೋಗಿಯ ಕಣ್ಣಿನ ಮಟ್ಟಕ್ಕೆ ಬಾಗಿ, ಅವಳ ಕೈ ಮೇಲೆ ತನ್ನ ಕೈಯಿಟ್ಟು, ನಿಧಾನವಾಗಿ, "ನಿಮ್ಮ ಕೂದಲು ನನ್ನ ಜವಾಬ್ದಾರಿ. ನಾನೇ ಬಾಚ್ತೀನಿ. ಕತ್ತರಿ ತಾಗಿಸೋಕೆ ಬಿಡಲ್ಲ" ಎಂದಿದ್ದಳು. ಹೇಳಿ ಮುಗಿಸಿ, ಕೈಯನ್ನು ಇನ್ನೂ ಅಲ್ಲೇ ಇಟ್ಟುಕೊಂಡು, ಎಂಟೂ ಜನರ ಕಡೆ ತಿರುಗಿ, "ಗಮನಿಸಿದ್ರಾ, ರೋಗಿಗೆ ಭರವಸೆ ಕೊಡೋದು ಹೀಗೆ. ಕಣ್ಣಲ್ಲಿ ಕಣ್ಣಿಟ್ಟು. ಸಣ್ಣ ಸಣ್ಣ ವಾಕ್ಯದಲ್ಲಿ" ಎಂದಿದ್ದಳು. ಹುಡುಗಿಯರು ತಲೆಯಾಡಿಸಿದ್ದರು. ಪಾಠ ಮುಗಿದಿತ್ತು, ಮುಂದಿನ ಹಾಸಿಗೆಗೆ ಹೋಗಿದ್ದರು. ಅದು ಪಾಠ ಎಂಬುದು ಟಿಕೆಟಮ್ಮನಿಗೆ ಗೊತ್ತಾಗಿರಲಿಲ್ಲ. ಅಥವಾ ಗೊತ್ತಾಗಿಯೂ ಅವಳು ಅದನ್ನು ಮಾತು ಎಂದೇ ಇಟ್ಟುಕೊಂಡಿದ್ದಳು. ದಿನಾ ಬೆಳಿಗ್ಗೆ ಕೇಳುತ್ತಿದ್ದಳು: "ಶೋ ಇವತ್ತಾದರೂ ಶುರುವಾಗುತ್ತಾ ಸಿಸ್ಟರ್?" ದಿನಾ ಇವಳು ಮಧ್ಯಾಹ್ನ ಎನ್ನುತ್ತಿದ್ದಳು. ಮಧ್ಯಾಹ್ನ ಯಾವಳೋ ಒಬ್ಬಳಿಗೆ ಇಂಜೆಕ್ಷನ್ ಹಿಡಿಯುವುದು ತೋರಿಸಬೇಕಿತ್ತು, ಇನ್ನೊಬ್ಬಳು ತಪ್ಪಾಗಿ ಕಟ್ಟಿದ ಪಟ್ಟಿ ಬಿಚ್ಚಿ ಮತ್ತೆ ಕಟ್ಟಬೇಕಿತ್ತು. ತಾನೇ ಮಾಡಿದರೆ ಹತ್ತು ನಿಮಿಷದ ಕೆಲಸ, ಕಲಿಸುತ್ತ ಮಾಡಿದರೆ ಮುಕ್ಕಾಲು ಗಂಟೆ. ಈ ಲೆಕ್ಕ ಮಾತ್ರ ಮೇಲಿನ ಮಹಡಿಯವರಿಗೆ ಬರುತ್ತಿರಲಿಲ್ಲ. ಒಂದು ಮಧ್ಯಾಹ್ನ ಕೌಶಲ ಕೋಣೆಯಲ್ಲಿ ಪ್ಲಾಸ್ಟಿಕ್ ಬೊಂಬೆಯ ತಲೆಗೆ ಎಣ್ಣೆ ಹಚ್ಚಿ, ನೈಲಾನ್ ಕೂದಲಿನ ಸಿಕ್ಕು ಬಿಡಿಸುವುದನ್ನು ಎಂಟೂ ಜನರಿಗೆ ತೋರಿಸಿದ್ದಳು. ತುದಿಯಿಂದ ಶುರುಮಾಡಬೇಕು, ಗಂಟಿನ ಮೇಲ್ಭಾಗವನ್ನು ಬಿಗಿಯಾಗಿ ಹಿಡಿದರೆ ಬುಡಕ್ಕೆ ನೋವಾಗುವುದಿಲ್ಲ, ಎಂದೆಲ್ಲ. ಬೊಂಬೆಯ ತಲೆ ಫಳಫಳ ಹೊಳೆಯುತ್ತಿತ್ತು. ಇಳಿದು ಬಂದಾಗ ಟಿಕೆಟಮ್ಮ ಅವಳ ಕೈಯ ಎಣ್ಣೆಯ ವಾಸನೆ ಹಿಡಿದು, "ಯಾರ ತಲೆಗೆ ಹಚ್ಚಿ ಬಂದ್ರಿ" ಎಂದಿದ್ದಳು. ಅವಳು ಕೈ ತೊಳೆಯಲು ಬೇಸಿನ್ನಿಗೆ ಹೋಗಿದ್ದಳು.

ಇವತ್ತು ಬೆಳಗಿನ ರೌಂಡ್ಸಿನಲ್ಲಿ ಅರಿವಳಿಕೆಯ ಡಾಕ್ಟರು ಟಿಕೆಟಮ್ಮನ ತಲೆಯ ಹಿಂದೆ ಕೈ ಹಾಕಿ ನೋಡಿ ಮುಖ ಸಿಂಡರಿಸಿದರು. ನಾಳೆ ಆಪರೇಷನ್. ಈ ಗಂಟಿನ ಮೇಲೆ ತಲೆ ನೆಟ್ಟಗೆ ಕೂರುವುದಿಲ್ಲ, ಟೋಪಿ ಹಿಡಿಯುವುದಿಲ್ಲ, ಕೆಳಗೆ ಚರ್ಮ ಹೇಗಿದೆಯೋ ಯಾರಿಗೆ ಗೊತ್ತು. "ಸಂಜೆಯೊಳಗೆ ತೆಗೆಸಿಬಿಡಿ" ಎಂದರು. ಟಿಕೆಟಮ್ಮ ಡಾಕ್ಟರನ್ನು ನೋಡಲಿಲ್ಲ, ಅವಳನ್ನು ನೋಡಿದಳು. ಅವಳು, "ಬಾಚಿ ಬಿಡಿಸ್ತೀವಿ ಸರ್, ಸಂಜೆವರೆಗೆ ಟೈಮ್ ಕೊಡಿ" ಎಂದಳು. ಡಾಕ್ಟರು ಕೈ ಒರೆಸಿಕೊಳ್ಳುತ್ತ, "ಬಿಡಿಸಿದ್ರೆ ಸರಿ, ಇಲ್ಲಾಂದ್ರೆ ಬಾರ್ಬರ್ ಬರ್ತಾನೆ" ಎಂದು ಹೊರಟುಹೋದರು.

ಆಗಲೇ ಬಾಚಣಿಗೆ ಹಿಡಿದು ಕೂರಬೇಕಿತ್ತು. ಆದರೆ ಇವತ್ತು ಗುಬ್ಬಿಯ ಪರೀಕ್ಷೆಯೂ ಬಾಕಿಯಿತ್ತು. ಅವಳ ತಲೆಯಲ್ಲಿ ಎರಡು ಕೆಲಸ ಒಂದಾದವು. ಕೂದಲಿನ ಆರೈಕೆ ಪರೀಕ್ಷೆಯ ವಿಷಯಗಳಲ್ಲೊಂದು, ರೋಗಿಯೂ ಸಿದ್ಧ, ಒಂದೇ ಏಟಿಗೆ ಎರಡು ಹಕ್ಕಿ. ಹೀಗೆ ಯೋಚಿಸಲು ಕಲಿಸುವವರಿಗೆ ಮಾತ್ರ ಸಾಧ್ಯ, ಅದಕ್ಕೆ ವರ್ಷಗಳ ಅಭ್ಯಾಸ ಬೇಕು. "ನಾನೇ ಬಾಚ್ತೀನಿ" ಎಂದದ್ದು ನೆನಪಿಗೆ ಬಂತು, ಬಂದು ಹೋಯಿತು. ಗುಬ್ಬಿ ತಟ್ಟೆಯಲ್ಲಿ ಎಣ್ಣೆ, ಬಾಚಣಿಗೆ, ಟವೆಲ್ಲು ಇಟ್ಟುಕೊಂಡು ಬಂದಳು. ಸಿಸ್ಟರ್ ಮಂಚದ ಕಾಲ್ದೆಸೆಯಲ್ಲಿ ನಿಂತು ಕೈ ಹಿಂದೆ ಕಟ್ಟಿದಳು.

ಗುಬ್ಬಿ ಗಾಬರಿಯಲ್ಲಿ ಎಣ್ಣೆ ಮರೆತಳು. ಬುಡದಿಂದಲೇ ಬಾಚಣಿಗೆ ಹಾಕಿ ಎಳೆದಳು. ಕೂದಲು ಹರಿಯುವ ಸದ್ದು ಹೊಲಿಗೆ ಬಿಚ್ಚಿದ ಹಾಗೆ ಕೇಳಿಸಿತು. ಟಿಕೆಟಮ್ಮನ ಕತ್ತು ಹಿಂದಕ್ಕೆ ಜಗ್ಗಿತು, ಕಾಲಿನ ಹಗ್ಗ ಅಲುಗಿತು, ಕಣ್ಣಂಚಿನಲ್ಲಿ ನೀರು ಬಂತು. ಅವಳು ಚೀರಲಿಲ್ಲ. ಕಾಲ್ದೆಸೆಯಲ್ಲಿ ನಿಂತವಳನ್ನೇ ನೋಡಿದಳು. ನಿಂತವಳು ತನ್ನ ಮುಖವನ್ನು ಗೋಡೆಯ ಹಾಗೆ ಮಾಡಿಕೊಂಡು, ಬೆನ್ನ ಹಿಂದೆ ಒಂದು ಕೈಯಿಂದ ಇನ್ನೊಂದು ಕೈಯ ಮಣಿಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡು, ಮನಸ್ಸಿನಲ್ಲಿ ಅಂಕ ಕಳೆಯುತ್ತ ಹೋದಳು. ಎಣ್ಣೆ ಇಲ್ಲ, ಕಳೆ. ಬುಡದಿಂದ, ಕಳೆ. ರೋಗಿಗೆ ವಿವರಿಸಲಿಲ್ಲ, ಕಳೆ. ಪ್ರಾಣಕ್ಕೇನೂ ಅಪಾಯವಿರಲಿಲ್ಲ. ಕೂದಲು ಪ್ರಾಣವಲ್ಲ. ಮತ್ತೊಮ್ಮೆ ಎಳೆದಾಗ ಬಾಚಣಿಗೆಯಲ್ಲಿ ಒಂದು ಉಂಡೆ ಕೂದಲು, ಬುಡದಲ್ಲಿ ಬಿಳಿ ಚುಕ್ಕೆಗಳ ಸಮೇತ, ಕಿತ್ತು ಬಂತು. ಗುಬ್ಬಿ ಅದನ್ನು ನೋಡಿ ತಟ್ಟೆಯನ್ನು ಅಲ್ಲೇ ಬಿಟ್ಟು ಬಾಯಿಗೆ ಕೈ ಅಡ್ಡ ಹಿಡಿದು ಓಡಿಹೋದಳು.

"ನೀವು ನೋಡ್ತಾ ನಿಂತಿದ್ರಿ," ಎಂದಳು ಟಿಕೆಟಮ್ಮ. ಸಿಟ್ಟಿನಿಂದಲ್ಲ. ಲೆಕ್ಕ ಸರಿಯಿದೆಯಾ ಎಂದು ಚಿಲ್ಲರೆ ಎಣಿಸುವವಳ ದನಿಯಲ್ಲಿ.

"ಪರೀಕ್ಷೆ ನಡೀತಿತ್ತು."

"ಗೊತ್ತಾಯ್ತು. ಪರೀಕ್ಷೆ ಅವಳದು, ತಲೆ ನಂದು." ಅವಳು ಮುಖವನ್ನು ಕಿಟಕಿಯ ಕಡೆ ತಿರುಗಿಸಿದಳು. "ಬಾರ್ಬರ್‌ನ ಕರೆಸಿಬಿಡಿ. ನೀವು ಪಾಪ ಎಂಟು ಕಡೆ ಹರಿದು ಹಂಚಿ ಹೋಗಿದೀರಿ. ನಂದೊಂದು ಯಾಕೆ."

ಈ ಕರುಣೆಯೇ ಅವಳಿಗೆ ಕಪಾಳಕ್ಕೆ ಹೊಡೆದಂತಾಯಿತು. ಬಟ್ಟೆಯ ಕೋಣೆಗೆ ಹೋದಳು. ಅಲ್ಲಿ ಮಡಿಸಿಟ್ಟ ಹೊದಿಕೆಗಳ ನಡುವೆ ಗುಬ್ಬಿ ಮೂಗು ಒರೆಸಿಕೊಳ್ಳುತ್ತ ನಿಂತಿದ್ದಳು. ಸಮಾಧಾನ ಹೇಳಬೇಕು. ತಪ್ಪಿನಿಂದಲೇ ಕಲಿಯುವುದು ಎನ್ನಬೇಕು, ಕಣ್ಣಲ್ಲಿ ಕಣ್ಣಿಟ್ಟು, ಸಣ್ಣ ಸಣ್ಣ ವಾಕ್ಯದಲ್ಲಿ. ಬಾಯಿ ತೆರೆದರೆ ಒಂದು ಮಾತೂ ಇರಲಿಲ್ಲ. ಬಾವಿಗೆ ಕೊಡ ಬಿಟ್ಟರೆ ತಳದ ಕಲ್ಲಿಗೆ ತಾಗಿ ಟಣ್ ಎಂದ ಹಾಗಾಯಿತು. ಈ ಹುಡುಗಿಯನ್ನು ಕಂಡರೆ ತನಗೆ ಸಿಟ್ಟೂ ಇಲ್ಲ, ಮರುಕವೂ ಇಲ್ಲ, ಎದುರಿಗಿರುವುದು ಇನ್ನೊಂದು ಕಪಾಟು ಎಂಬ ಭಾವ ಮಾತ್ರ ಇದೆ ಎಂಬುದು ಅವಳಿಗೆ ಹೊಳೆದು ಭಯವಾಯಿತು. ಭಯದ ಹಿಂದೆಯೇ ರೋಷ ಬಂತು. ತಾನು ಹೀಗಿರಲಿಲ್ಲ. ಮೊದಲ ವರ್ಷ ಒಬ್ಬ ಹುಡುಗಿ ಸರಿಯಾಗಿ ನಾಡಿ ಹಿಡಿದಳೆಂದು ಇವಳೇ ಸಂತೋಷಕ್ಕೆ ಅತ್ತಿದ್ದಳು. ಆ ಕಣ್ಣೀರನ್ನು ಯಾರು ಖರ್ಚು ಮಾಡಿದರು? ಒಂದೊಂದು ತಂಡ ಹೋಗುವಾಗಲೂ ಒಂದೊಂದು ಹೂವಿನ ಕುಂಡ ಕೊಟ್ಟು ಹೋಗುತ್ತಿದ್ದರು. ಕುಂಡಗಳಿಗೆ ನೀರು ಹಾಕುವುದೂ ಅವಳದೇ ಕೆಲಸವಾಗಿತ್ತು.

ಅಷ್ಟರಲ್ಲಿ ಮೇಟ್ರನ್ ಬಾಗಿಲಲ್ಲಿ ಕಾಣಿಸಿಕೊಂಡರು. "ಇಲ್ಲಿದೀಯಾ. ಊಟ ಆದ ತಕ್ಷಣ ಎಲ್ಲರೂ ಸಭಾಂಗಣಕ್ಕೆ. ಹೊರಗಿಂದ ಒಬ್ಬರು ಬಂದಿದ್ದಾರೆ, ಕಲಿಸುವವರ ಮಾನಸಿಕ ಒತ್ತಡದ ಬಗ್ಗೆ. ಕಡ್ಡಾಯ. ನಿನ್ನ ಮಕ್ಕಳನ್ನೂ ಕರ್ಕೊಂಡು ಬಾ, ಕುರ್ಚಿ ಖಾಲಿ ಕಾಣ್ಬಾರದು."

"ವಾರ್ಡು, ಮೇಡಂ?"

"ಆಯಾ ಇರ್ತಾಳಲ್ಲ."

"ಕಿಟಕಿ ಪಕ್ಕದವರ ಕೂದಲು ಸಂಜೆಯೊಳಗೆ ಬಿಡಿಸಬೇಕು. ಮಾತು ಕೊಟ್ಟಿದೀನಿ."

ಮೇಟ್ರನ್ ಅವಳ ಭುಜ ಮುಟ್ಟಿದರು. "ನೋಡು, ಇದೇ ನಿನ್ನ ತೊಂದರೆ. ಎಲ್ಲಾನೂ ಮನಸ್ಸಿಗೆ ಹಚ್ಕೋತೀಯ. ಕೂದಲು ಮತ್ತೆ ಬೆಳೆಯುತ್ತೆ. ಬಂದು ಒಂದು ಗಂಟೆ ಕೂತ್ಕೋ, ಹಗುರ ಆಗುತ್ತೆ."

ಊಟದ ನಂತರ ಅವಳು ನಿಜವಾಗಿಯೂ ಹೋದಳು. ಏಳು ಜನ ಅವಳ ಹಿಂದೆ ಸಾಲಾಗಿ ನಡೆದರು, ಗುಬ್ಬಿ ಅತ್ತು ಕೆಂಪಾದ ಮುಖ ತೋರಿಸಲಾರೆನೆಂದು ವಾರ್ಡಿನಲ್ಲೇ ಉಳಿದಳು. ಸಭಾಂಗಣದ ಬಾಗಿಲಲ್ಲಿ ಒಬ್ಬ ಗುಮಾಸ್ತ ಒಂದು ಹಾಳೆ ಕೊಟ್ಟ. ನಿಮಗೆ ಸುಸ್ತು ಅನಿಸುತ್ತದೆಯೇ: ಎಂದೂ ಇಲ್ಲ, ಕೆಲವೊಮ್ಮೆ, ಯಾವಾಗಲೂ. ಒಳಗೆ ದಪ್ಪ ಪರದೆ ಎಳೆದು ತಂಪು ಮಾಡಿದ್ದರು. ವೇದಿಕೆಯ ಮೇಲೆ ಬಿಳಿ ಅಂಗಿಯ ಒಬ್ಬಾತ ಕಣ್ಣು ಮುಚ್ಚಿ, "ಉಸಿರು ಒಳಗೆ... ಈಗ ನಿಮ್ಮ ಕೋಪವನ್ನು ಉಸಿರಿನ ಜೊತೆ ಹೊರಗೆ ಬಿಡಿ" ಎನ್ನುತ್ತಿದ್ದ. ಸಾಲುಸಾಲು ಜನ, ಮೂರು ಪಾಳಿ ಒಂದಾಗಿ ದುಡಿದವರು, ಕಣ್ಣು ಮುಚ್ಚಿದ್ದೇ ತಡ ನಿಜವಾಗಿಯೂ ನಿದ್ದೆ ಹೋಗಿದ್ದರು. ಹಿಂದಿನ ಸಾಲಿನಲ್ಲಿ ಒಬ್ಬ ಹಿರಿಯ ಲ್ಯಾಬಿನವನು ಸಣ್ಣಗೆ ಗೊರಕೆ ಹೊಡೆಯುತ್ತಿದ್ದ. ಏಳೂ ಜನರನ್ನು ಒಳಗೆ ಕಳಿಸಿ ಅವಳು ಹೊಸ್ತಿಲಲ್ಲೇ ನಿಂತಳು. ಕೋಪವನ್ನು ಹೊರಗೆ ಬಿಡಬೇಕಂತೆ. ಯಾಕೆ ಬಿಡಬೇಕು. ಇಷ್ಟು ವರ್ಷ ದುಡಿದದ್ದರಲ್ಲಿ ಅವಳದು ಎಂದು ಉಳಿದಿರುವುದು ಅದೊಂದೇ. ಉರಿಯುವ ಮನೆಗೆ ನೀರು ತರುವುದು ಬಿಟ್ಟು, ಒಳಗಿದ್ದವರಿಗೆ ಬೆವರದೆ ಇರುವುದು ಹೇಗೆಂದು ಹೇಳಿಕೊಡುವವರ ಕೈಗೆ ಅದನ್ನು ಕೊಟ್ಟು ಬರಬೇಕೆ. ಇನ್ನೊಬ್ಬ ನರ್ಸನ್ನು ಕೊಡಿ ಎಂದರೆ ಉಸಿರಾಡುವುದು ಕಲಿಸುತ್ತಾರೆ. ಉಸಿರಾಡುವುದು ಅವಳಿಗೆ ಗೊತ್ತಿತ್ತು, ಅದರ ಪಾಠವನ್ನೂ ಅವಳೇ ಮಾಡುತ್ತಿದ್ದಳು, ಆಪರೇಷನ್ ಆದವರಿಗೆ, ದಿನಾ.

ಅವಳು ಹಾಳೆಯನ್ನು ಗುಮಾಸ್ತನ ಮೇಜಿನ ಮೇಲೆ ಇಟ್ಟಳು. "ಬರೀಲಿಲ್ಲ ಸಿಸ್ಟರ್?" ಎಂದ ಅವನು. "ಕೆಲಸ ಇದೆ" ಎಂದು ಇಳಿದು ಬಂದಳು.

ವಾರ್ಡಿನ ಬಾಗಿಲಲ್ಲಿ ಬಾರ್ಬರ್ ಬೆಂಚಿನ ಮೇಲೆ ಪೆಟ್ಟಿಗೆ ತೊಡೆಯಲ್ಲಿಟ್ಟುಕೊಂಡು ಕೂತಿದ್ದ. "ನಂದು ಐದು ನಿಮಿಷದ ಕೆಲಸ ತಾಯಿ" ಎಂದ. "ನಂದು ಸಂಜೆವರೆಗೂ ಹಿಡಿಯುತ್ತೆ," ಎಂದಳು ಅವಳು, "ನೀನು ಕಾಯಬೇಕಾಗುತ್ತೆ." ಅವನು ಒಳಗೆ ಮಂಚದ ಕಡೆ ಇಣುಕಿ, ಅಷ್ಟುದ್ದದ ಕೂದಲನ್ನು ನೋಡಿ ಪೆಟ್ಟಿಗೆಯ ಚಿಲಕ ಹಾಕಿದ. "ಮಕ್ಕಳ ವಾರ್ಡಿನಲ್ಲಿ ಎರಡು ತಲೆ ಇದೆ. ಮುಗಿಸಿ ಬರ್ತೀನಿ. ಲೇಟಾದ್ರೂ ಆಗಬಹುದು, ಆ ಮಕ್ಕಳು ಬಹಳ ಅಲುಗಾಡ್ತವೆ" ಎಂದು ಎದ್ದು ಹೋದ.

ಅವಳು ಮಂಚದ ತಲೆದೆಸೆಯ ಕಂಬಿ ಕಳಚಿದಳು, ಸ್ಟೂಲು ಎಳೆದು ಕೂತಳು, ಎಣ್ಣೆಯನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿಕೊಂಡಳು. ಟಿಕೆಟಮ್ಮ ಕಣ್ಣು ಮುಚ್ಚಿಕೊಂಡೇ, "ಯಾರು" ಎಂದಳು.

"ನಾನೇ."

"ಮಕ್ಕಳು ಎಲ್ಲಿ? ಪಾಠ ಇಲ್ವಾ?"

"ಇಲ್ಲ. ಅವತ್ತು ನಿಮಗೆ ಮಾತು ಕೊಟ್ಟಾಗ ಅದು ಪಾಠ ಆಗಿತ್ತು."

"ಗೊತ್ತು," ಎಂದಳು ಟಿಕೆಟಮ್ಮ. "ಸಿನಿಮಾದೋಳಿಗೆ ಡೈಲಾಗು ಗೊತ್ತಾಗಲ್ವಾ. ಆದ್ರೂ ಚೆನ್ನಾಗಿ ಹೇಳಿದ್ರಿ, ಅದಕ್ಕೇ ನಂಬಿದೆ."

ಬೆರಳ ತುದಿಗಳು ಮೊದಲು ಮರೆತಂತೆ ಮಾಡಿದವು. ತುದಿಯಿಂದ ಒಂದು ಎಳೆ, ಇನ್ನೊಂದು ಎಳೆ. ಪ್ರತಿ ಎಳೆಗೂ ಬಾಯಿ ತಾನಾಗಿಯೇ, ಈಗ ನಾವು ಮೇಲ್ಭಾಗವನ್ನು ಹಿಡಿಯುತ್ತೇವೆ, ಎಂದು ಹೇಳಲು ತೆರೆಯುತ್ತಿತ್ತು. ಅವಳು ತುಟಿ ಕಚ್ಚಿ ಮುಚ್ಚುತ್ತಿದ್ದಳು. ಬಿದ್ದ ದಿನದ ಒಣಗಿದ ರಕ್ತ ಎಣ್ಣೆಯಲ್ಲಿ ಕರಗಿ ಬೆರಳಿಗೆ ಕಂದು ಬಣ್ಣ ಹತ್ತಿತು. ಬಿಸಿಲು ಹಾಸಿಗೆಯ ಅಂಚಿನಿಂದ ನೆಲಕ್ಕೆ ಇಳಿಯಿತು. ಯಾವಾಗಲೋ ಪಕ್ಕದಲ್ಲಿ ಯಾರೋ ನಿಂತಂತಾಯಿತು. ಗುಬ್ಬಿ, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಅವಳು ನಿಲ್ಲುವ ಹಾಗೆಯೇ ನೆಟ್ಟಗೆ, ಮುಖವನ್ನು ಗೋಡೆಯ ಹಾಗೆ ಮಾಡಿಕೊಂಡು ನೋಡುತ್ತಿದ್ದಳು. ತಾನು ಇಷ್ಟು ದಿನ ಏನು ಕಲಿಸಿದ್ದೆ ಎಂಬುದು ಅವಳಿಗೆ ಎದುರಿಗೇ ಕಂಡಿತು.

"ಕೈ ಮುಂದೆ ತಗೋ," ಎಂದಳು. "ಇದನ್ನ ಹಿಡ್ಕೋ. ಹೀಗೆ. ಬಿಗಿಯಾಗಿ."

ಗುಬ್ಬಿ ಹಿಡಿದಳು. ಯಾರೂ ಏನೂ ಬರೆದುಕೊಳ್ಳಲಿಲ್ಲ.

ಮೇಟ್ರನ್ ಬಂದಾಗ ಅರ್ಧ ಕೂದಲು ಬಿಡಿಸಿ ಒಂದು ಕಡೆ ಹರಡಿತ್ತು. ಕಾರಿಡಾರಿನಲ್ಲೇ ಅವರ ಚಪ್ಪಲಿಯ ಸದ್ದು ಕೇಳಿಸಿತ್ತು, ಅವಳು ಏಳಲಿಲ್ಲ. "ಬಾಗಿಲವರೆಗೆ ಬಂದು ವಾಪಸ್ ಹೋದೆಯಂತೆ. ಎಲ್ಲರ ಎದುರಿಗೆ ನನ್ನ ಮರ್ಯಾದೆ ಏನಾಗಬೇಕು? ಮೆಮೋ ಕೊಡ್ತಾರೆ, ಗೊತ್ತಲ್ಲ."

"ಕೊಡಲಿ ಮೇಡಂ."

"ಇದೊಂದು ಕೂದಲಿಗಾ?"

"ಹದಿನೆಂಟು ಕೈ ಇದೆ ಅಂತ ಒಬ್ಬಳನ್ನ ಕಿತ್ಕೊಂಡ್ರಿ. ಅದರಲ್ಲಿ ಹದಿನಾಲ್ಕು ಕೈ ಈಗ ನಿಮ್ಮ ಸಭಾಂಗಣದಲ್ಲಿ ಉಸಿರಾಡೋದು ಕಲೀತಿವೆ. ವಾರ್ಡಿನಲ್ಲಿ ಆಯಾಳ ಎರಡು ಕೈಗೆ ಇಷ್ಟು ಜನ ರೋಗಿಗಳು. ಇದನ್ನೂ ಮೆಮೋದಲ್ಲಿ ಬರೆಸಿ. ನಾನು ಸಹಿ ಹಾಕ್ತೀನಿ." ಅವಳು ಕೂದಲಿನಿಂದ ಕಣ್ಣೆತ್ತಲಿಲ್ಲ. "ಮುಂದಿನ ತಂಡದಲ್ಲಿ ಇಬ್ಬರಿಗಿಂತ ಜಾಸ್ತಿ ನಾನು ತಗೊಳ್ಳಲ್ಲ. ಅದನ್ನೂ ಬರೆಸಿ."

ಮೇಟ್ರನ್ ಬಾಯಿ ತೆರೆದರು. ಟಿಕೆಟಮ್ಮ ಮಲಗಿದಲ್ಲಿಂದಲೇ, ಕಿಂಡಿಯೊಳಗಿನ ಹಳೆಯ ದನಿಯಲ್ಲಿ, "ಮೇಡಂ, ಶೋ ನಡೀತಿದೆ. ಬಾಗಿಲು ಹಾಕ್ಕೊಂಡು ಹೋಗಿ" ಎಂದಳು. ಪಕ್ಕದ ಹಾಸಿಗೆಯಲ್ಲಿ ಯಾರೋ ನಕ್ಕು ಕೆಮ್ಮಿದರು. ಮೇಟ್ರನ್ ಕೆಲವು ಕ್ಷಣ ನಿಂತು, ಸಿಟ್ಟು ಮಾಡಬೇಕೋ ಬೇಡವೋ ತಿಳಿಯದವರಂತೆ ಗುಬ್ಬಿಯ ಕೈಗಳನ್ನು ನೋಡಿ, ಹೊರಟುಹೋದರು. ಆ ಮೆಮೋ ಬರುತ್ತದೆಂದು ಅವಳಿಗೆ ಗೊತ್ತಿತ್ತು. ಆದರೂ ಬೆರಳು ನಿಲ್ಲಲಿಲ್ಲ.

ಕೊನೆಗೆ ಕುತ್ತಿಗೆಯ ಹತ್ತಿರ ಒಂದೇ ಒಂದು ಗಂಟು ಉಳಿಯಿತು, ಹುಣಿಸೆ ಬೀಜದಷ್ಟು, ಕಲ್ಲಿನಂಥದು. ಬಾರ್ಬರ್ ಬಂದು ಬಾಗಿಲಿಗೆ ಒರಗಿ ನಿಂತಿದ್ದ. ಹೊರಗೆ ಬೆಳಕು ಮಂದವಾಗುತ್ತಿತ್ತು. "ಅದೊಂದನ್ನ ಕತ್ತರಿಸಿಬಿಡಿ ಸಿಸ್ಟರ್," ಎಂದಳು ಟಿಕೆಟಮ್ಮ. "ನಾನೇ ಹೇಳ್ತಿದೀನಲ್ಲ. ನಿಮ್ಮ ಸೊಂಟ ಬಿದ್ದುಹೋಗುತ್ತೆ."

"ಮಾತು ನೀವು ಕೊಟ್ಟಿದ್ದಲ್ಲ," ಎಂದಳು ಅವಳು.

ಗುಬ್ಬಿ ಮೇಲ್ಭಾಗವನ್ನು ಬಿಗಿಯಾಗಿ ಹಿಡಿದಳು. ಅವಳು ಎಣ್ಣೆ ಸವರಿ, ಉಗುರಿನಿಂದ ಒಂದು ಎಳೆಯನ್ನು ಹುಡುಕಿ ಎತ್ತಿದಳು. ಅದು ಬಂತು. ಅದರ ಹಿಂದೆ ಇನ್ನೊಂದು. ಗಂಟು ಸಡಿಲಾಯಿತು, ಅಗಲವಾಯಿತು, ಗಂಟು ಎಂಬುದೇ ಇಲ್ಲವಾಯಿತು. ಅವಳು ಬಾಚಣಿಗೆಯನ್ನು ಬೈತಲೆಯಲ್ಲಿಟ್ಟು, ಕೆಳಗೆ, ಕುತ್ತಿಗೆ ದಾಟಿ, ಹಾಸಿಗೆಯ ಅಂಚು ದಾಟಿ, ಎಲ್ಲೂ ತಡೆಯದೆ, ಕೊನೆಯ ಕೂದಲಿನ ತುದಿಯವರೆಗೆ ಎಳೆದಳು.